ಔಪಚಾರಿಕ ಪಂದ್ಯ

“ಉಪಚಾರಿಕ ಅಲ್ಲ ಕಣೇ, ಔಪಚಾರಿಕ! ಔಷಧಿಯ ಔ!” ಮಂಚದ ಮೇಲೆ ದಿಂಬಿಗೆ ಒರಗಿದ್ದ ಅಣ್ಣ ಲ್ಯಾಪ್‌ಟಾಪಿನ ಪರದೆಯತ್ತ ಕತ್ತು ಚಾಚಿ ರೇಗಿದ. “ಆಟಗಾರರಿಗೆ ಜ್ವರ ನೋಡೋ ಪಂದ್ಯಾನಾ ಇದು? ಪೇಪರಲ್ಲಿ ಹೀಗೇ ಬಂದ್ರೆ ನನ್ನ ಮಾನ ಹರಾಜು.”

ತಂಗಿ ಆಸ್ಪತ್ರೆಯಲ್ಲಿ ನರ್ಸ್. ದಿನವೆಲ್ಲ ಉಪಚಾರ, ಉಪಚಾರ ಅಂತಲೇ ಓಡಾಡುವವಳ ಬೆರಳಿಗೆ ಅದೇ ಮಾತು ಬಂದರೆ ಅವಳದೇನು ತಪ್ಪು? ಪತ್ರಿಕೆಗೆ ಫುಟ್‌ಬಾಲ್ ಬಗ್ಗೆ ಬರೆಯುವುದು ಅಣ್ಣನ ಕೆಲಸ. ಕ್ಯಾನ್ಸರಿಗೆಂದು ಪಡೆದ ಮೂರು ಸುತ್ತಿನ ಚಿಕಿತ್ಸೆಯಲ್ಲಿ ಬೆರಳ ತುದಿಗಳು ಜೋಮು ಹಿಡಿದು, ಈಗ ಅವನು ಹೇಳುವುದು, ಜೊತೆಗಿರಲೆಂದು ರಜೆ ಹಾಕಿ ಅವನ ಮನೆಗೆ ಬಂದ ಇವಳು ಟೈಪ್ ಮಾಡುವುದು ಎಂದಾಗಿತ್ತು. ಯುರೋಪಿನ ಕ್ಲಬ್ ಟೂರ್ನಿಯಲ್ಲಿ ಗುಂಪು ಹಂತದ ಕೊನೆಯ ಪಂದ್ಯ. ಅದರ ಮುನ್ನೋಟ ಮಧ್ಯಾಹ್ನದೊಳಗೆ ಪತ್ರಿಕೆಗೆ ಹೋಗಬೇಕು. ಇನ್ನೊಂದು ಕೆಲಸವೂ ಬಾಕಿ ಇತ್ತು. ನಾಲ್ಕನೆಯ ಸುತ್ತಿನ ಚಿಕಿತ್ಸೆಗೆ ಹಾಸಿಗೆ ಬೇಕೋ ಬೇಡವೋ ಎಂದು ತಂಗಿಯ ಆಸ್ಪತ್ರೆಗೆ ಇವತ್ತೇ ತಿಳಿಸಬೇಕು. ಬೇಕು ಎಂದು ಅವಳ ಹಟ, ಬೇಡ ಎಂದು ಅವನದು. ಬೆಳಗಿನಿಂದ ಇಬ್ಬರೂ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದ್ದರು.

“ಔಪಚಾರಿಕ ಅಂದ್ರೆ?” ಅಕ್ಷರ ತಿದ್ದುತ್ತ ತಂಗಿ ಕೇಳಿದಳು.

“ಗೆದ್ರೂ ಸೋತ್ರೂ ಏನೂ ಬದಲಾಗಲ್ಲ ಅಂತ. ದೊಡ್ಡ ತಂಡ ಆಗ್ಲೇ ಮುಂದಿನ ಸುತ್ತಿಗೆ ಹೋಗಿದೆ. ಈ ಸಣ್ಣ ಊರಿನೋರು ಆಡಿದ್ದೆಲ್ಲ ಸೋತು ಗಂಟುಮೂಟೆ ಕಟ್ಟಿದ್ದಾರೆ. ಸುಮ್ನೆ ಶಾಸ್ತ್ರಕ್ಕೆ ಆಡೋದು.”

“ಬರಲ್ಲ ಅಂದ್ಬಿಡಬಹುದಲ್ಲ?”

“ದಂಡ ಹಾಕ್ತಾರೆ.”

ತಂಗಿಗೆ ನಗು ಬಂತು. ಅಣ್ಣನೂ ನಕ್ಕ, ನಕ್ಕಿದ್ದಕ್ಕೆ ಕೆಮ್ಮು ಹತ್ತಿತು. ಅವಳು ಬೆನ್ನು ಸವರಿ ನೀರು ಕುಡಿಸಿದಳು. ಅವನು ಸುಧಾರಿಸಿಕೊಂಡು ಮತ್ತೆ ಶುರು ಮಾಡಿದ: ನಾಯಕನ ಮಂಡಿ ಇನ್ನೂ ಸರಿಹೋಗಿಲ್ಲ, ಗೋಲ್‌ಕೀಪರ್ ಹೊಸಬ, ದೊಡ್ಡ ತಂಡ ತನ್ನ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡಬಹುದು. “ಹಾಂ, ಇದನ್ನೂ ಸೇರಿಸು. ಸಣ್ಣ ಊರಿಂದ ಮೂರು ಬಸ್ಸಲ್ಲಿ ಅಭಿಮಾನಿಗಳು ಹೊರಟಿದ್ದಾರೆ. ಇಡೀ ದಿನದ ದಾರಿ.”

ಟೈಪ್ ಮಾಡುವ ಸದ್ದು ನಿಂತಿತು. “ಸೋಲ್ತಾರೆ ಅಂತ ಗೊತ್ತಿದ್ದೂನಾ?”

“ಗೊತ್ತಿದ್ದೂ. ಒಂದು ಮೂಲೇಲಿ ನಿಂತು ಕೊನೇವರೆಗೂ ಕೂಗ್ತಾರೆ. ಗಂಟಲು ಬಿದ್ದುಹೋಗುತ್ತೆ, ಪಾಪ.”

“ಅವರಿಗೂ ಇದು ಔಪಚಾರಿಕನಾ?”

ಇಷ್ಟು ವರ್ಷ ಆ ಪದವನ್ನು ಲೀಲಾಜಾಲವಾಗಿ ಬರೆದುಕೊಂಡು ಬಂದವನು ಅಣ್ಣ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹೊದಿಕೆಯ ಅಂಚನ್ನು ಹಿಡಿಯಲು ನೋಡಿದ. ಜೋಮು ಹಿಡಿದ ಬೆರಳಿಗೆ ಅದೂ ಸಿಗಲಿಲ್ಲ. “ಅಳಿಸಿಬಿಡು ಅದನ್ನ,” ಎಂದ. “ಕೊನೆಯ ಪಂದ್ಯ ಅಂತ ಹಾಕು, ಸಾಕು.”

ಅವಳು ಅಳಿಸಿದಳು. ಮುನ್ನೋಟವನ್ನು ಪತ್ರಿಕೆಗೆ ಕಳಿಸಿದಳು. ಆಮೇಲೆ ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಊರಿಕೊಂಡು ಕೂತಳು. “ನಾಲ್ಕನೇದು ತಗೊಂಡ್ರೆ ವಾಸಿ ಆಗ್ತೀಯ ಅಂತ ನಾನು ಯಾವತ್ತಾದ್ರೂ ಹೇಳಿದೀನಾ ಅಣ್ಣ?”

“ಇಲ್ಲ. ನೀನು ಸುಳ್ಳು ಹೇಳೋಳಲ್ಲ.”

“ಮತ್ತೆ ಬಾ ಬಾ ಅಂತ ಯಾಕೆ ಪ್ರಾಣ ತಿಂತಿದೀನಿ ಗೊತ್ತಾ? ಭಯ. ನಿನ್ನ ನಾನೇ ಕೈಬಿಟ್ಟೆ ಅಂತ ಆಗಿಬಿಡುತ್ತೇನೋ ಅಂತ ಭಯ.” ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು. ವಾರ್ಡಿನಲ್ಲಿ ರೋಗಿಗಳ ಮನೆಯವರು ಅತ್ತಾಗ ಹೆಗಲು ಕೊಟ್ಟು ನಿಂತವಳು, ಇಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅಣ್ಣ ಅವಳ ತಲೆಯ ಮೇಲೆ ಕೈ ಇಟ್ಟ. “ಹೋದ ಸಲ ಆ ಔಷಧಿ ಏರಿದಾಗ ನಂಗೆ ನಿನ್ನ ಗುರುತೇ ಸಿಕ್ಕಿರ್ಲಿಲ್ಲ ಕಣೇ. ಯಾರೋ ನರ್ಸು ಅನ್ಕೊಂಡಿದ್ದೆ. ಅದೊಂದು ಬೇಡ ನಂಗೆ. ಇರೋಷ್ಟು ದಿನ ನೀನು ನೀನೇ ಅಂತ ಗೊತ್ತಾಗ್ತಿರಲಿ.” ಕೈ ತೆಗೆಯದೆಯೇ, “ಅಷ್ಟಾಗಿಯೂ ನಿನಗೋಸ್ಕರ ಬಾ ಅಂದ್ರೆ ಬರ್ತೀನಿ,” ಎಂದ.

“ನನಗೋಸ್ಕರ ಆದ್ರೆ ಬೇಡ.” ತಂಗಿ ಮುಖ ಒರೆಸಿಕೊಂಡು ಅಲ್ಲೇ, ಅವನ ಎದುರಿಗೇ ಕೂತು ತನ್ನ ವಾರ್ಡಿಗೆ ಫೋನ್ ಮಾಡಿದಳು. ಹಿರಿಯ ನರ್ಸ್ ಎತ್ತಿಕೊಂಡರು.

“ಅಣ್ಣನ ಹಾಸಿಗೆ ಬೇರೆಯವರಿಗೆ ಕೊಡಿ ಸಿಸ್ಟರ್. ನಾವು ಬರಲ್ಲ.”

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿತು. ಆಮೇಲೆ, “ಆಯ್ತಮ್ಮ. ಮನೇಲೇ ಚೆನ್ನಾಗಿ ನೋಡ್ಕೋ. ಹಾಗಾದ್ರೆ ನಿನ್ನ ರಜೆ ಮುಂದುವರಿಸ್ಬೇಕಲ್ಲ. ಎಷ್ಟು ದಿನ ಅಂತ ಬರ್ಕೊಳ್ಲಿ?”

ಬೇರೆ ಯಾರ ಅಣ್ಣನಾಗಿದ್ದರೂ ಅವಳು ಮುಖ ನೋಡಿಯೇ ಉಳಿದ ದಿನಗಳ ಅಂದಾಜು ಹೇಳಿಬಿಡುತ್ತಿದ್ದಳು. ಈಗ ಫೋನನ್ನು ಕಿವಿಗೆ ಒತ್ತಿಕೊಂಡು ಅಣ್ಣನನ್ನೇ ನೋಡಿದಳು. ಸಣ್ಣ ಕೋಣೆ, ಫೋನಿನ ದನಿ ಮಂಚದವರೆಗೂ ಕೇಳಿತ್ತು.

“ಸ್ವಲ್ಪ ಜಾಸ್ತೀನೇ ಬರೆಸೇ,” ಎಂದ ಅಣ್ಣ.