ಸೋಸಿ ಬಿಟ್ಟ ಇದ್ದಿಲು

ನಗುವವರು ನಕ್ಕುಬಿಡಿ, ಆದರೆ ಶಿಗ್ಗಾವಿಯಲ್ಲಿ ನಡೆದದ್ದು ಹೀಗೆಯೇ. ಫಕ್ಕೀರವ್ವ ಹಿತ್ತಲ ಬಾಗಿಲಲ್ಲಿ ನಿಂತು ಹಲ್ಲು ಕಿರಿದಾಗ ಚನ್ನೇಶ ಒಂದು ಹೆಜ್ಜೆ ಹಿಂದೆ ಸರಿದ. ಹಲ್ಲು, ಒಸಡು, ನಾಲಿಗೆ ಎಲ್ಲ ಕರ್ರಗೆ.

“ಹೆಂಗದಾವ ನೋಡೋ ತಮ್ಮಾ! ರೇಡಿಯೋ ಡಾಕ್ಟರು ಹೇಳಿದಂಗ ದಿನಾ ತಿಕ್ಕಾಕತ್ತೇನಿ. ನೋವು ಅರ್ಧಾ ಇಳದೈತಿ.”

ಎಂಟು ದಿನದ ಹಿಂದೆ ಗೆಳೆಯ ಜಾಹೀದನ ಫೋನಿನಿಂದ ಅವಳಿಗೆ ಕರೆ ಮಾಡಿ, ರೇಡಿಯೋ ವೈದ್ಯರ ಮೂಗುದನಿ ತೆಗೆದು, “ತಾಯೀ, ನಿಮ್ಮ ಹಲ್ಲುನೋವಿಗೆ ಗೋವಿನಜೋಳದ ಬೆಂಡಿನ ಇದ್ದಿಲೇ ಮದ್ದು” ಎಂದವನು ಇವನೇ. ಜಾಹೀದ ಬಾಯಿಗೆ ಕರ್ಚೀಫು ತುರುಕಿಕೊಂಡು ನಕ್ಕಿದ್ದ. ಚನ್ನೇಶನ ನೀರು ಸೋಸುವ ಎಂ.ಎಸ್ಸಿ. ಪ್ರಾಜೆಕ್ಟಿಗೆ ಕಾಳು ಬಿಡಿಸಿದ ಬೆಂಡು ಸುಟ್ಟು ಇದ್ದಿಲು ಮಾಡಿಕೊಡುತ್ತಿದ್ದವಳೇ ಫಕ್ಕೀರವ್ವ. ಒಂದು ಹೊತ್ತು ಬಾಯಿ ಕಪ್ಪು ಮಾಡಿಕೊಳ್ಳಲಿ, ನಾಳೆ ನಿಜ ಹೇಳಿದರಾಯಿತು ಎಂದುಕೊಂಡಿದ್ದ. ಆ ನಾಳೆ ಇವತ್ತು ಬಂದಿತ್ತು.

“ಯಾವ ಇದ್ದಲಿ ತಗೊಂಡೀಬೇ? ಚೀಲದಾಗಿನ ಹೊಸಾದು ಹೌದಲ್ಲ?”

“ಚೀಲದಾಗಿಂದು ನಿನ್ನ ಓದಿಗೆ ಬೇಕಲ್ಲೋ, ಅದನ್ಯಾಕ ಹಾಳು ಮಾಡ್ಲಿ? ನೀ ನೀರು ಸೋಸಿದ ಮ್ಯಾಲ ಬಕೀಟಿಗೆ ಸುರುವಿದ್ದ ಇದ್ದಲಿ ಇತ್ತಲ್ಲ, ಅದನ್ನ ಒಣಗಿಸಿ ಕುಟ್ಟಿಕೊಂಡೆ.”

ಚನ್ನೇಶ ಬಕೆಟ್ಟಿನೊಳಗೆ ಇಣುಕಿದ. ತಳ ಕಾಣುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ಹಳೆಯ ಬ್ಯಾಟರಿ ಒಡೆದೊಡೆದು ಅವಳ ಬಾವಿಗೆ ಇಳಿದ ಸೀಸದ ವಿಷವನ್ನು ಹೀರಿಕೊಂಡಿದ್ದದ್ದು ಅದೇ ಇದ್ದಿಲು. ನೂರಕ್ಕೆ ತೊಂಬತ್ತು ಪಾಲು ಹೀರಿದೆ ಎಂಬ ವರದಿ ಬೆಳಿಗ್ಗೆ ಬಂದಿತ್ತು. ಆ ಖುಷಿಗೇ ಪೇಢೆಯ ಪೊಟ್ಟಣ ಹಿಡಿದು ಬಂದಿದ್ದ.

“ಆ ಡಾಕ್ಟರು ನಾನ ಬೇ. ಚ್ಯಾಷ್ಟಿ ಮಾಡಿದ್ದೆ. ಆ ಇದ್ದಲ್ಯಾಗ ವಿಷ ಐತಿ. ನಡಿ, ದವಾಖಾನಿಗೆ ಹೋಗಿ ರಕ್ತ ತೋರಿಸೂಣು.” ಅವನ ಕಣ್ಣು ತುಂಬಿತು.

“ವಿಷ ಎಲ್ಲಿಂದ ಬಂತೋ ಅದಕ್ಕ? ನನ್ನ ಕೈಲೆ ನಾನ ಸುಟ್ಟಿದ್ದು.”

“ನಿನ್ನ ಬಾವಿ ನೀರಿಂದ.”

ಫಕ್ಕೀರವ್ವ ಅವನ ಮುಖವನ್ನೇ ನೋಡಿದಳು. “ಆ ನೀರು ದೀಪಾವಳಿಯಿಂದ ಬಾಟ್ಲಿ ತುಂಬಿ ಒಯ್ಯಾಕತ್ತೀಯಲ್ಲೋ. ಅವಾಗಿಂದ ಗೊತ್ತೈತೇನು ನಿನಗ?”

“ರಿಪೋರ್ಟು ಪೂರಾ ಬರ್ಲಿ, ಆಮ್ಯಾಲೆ ಹೇಳೂಣು ಅಂತ...”

ಮೊದಲು ಅವಳ ಹೊಟ್ಟೆ ಕುಲುಕಿತು. ಆಮೇಲೆ ಅವಳು ನಕ್ಕ ನಗು ಓಣಿಯ ಆ ತುದಿಗೆ ಕೇಳಿರಬೇಕು.

“ಎಂಟು ದಿನ ಹಲ್ಲು ತಿಕ್ಕಿದ್ದಕ್ಕ ಅಳಾಕತ್ತಾನ ನೋಡ್ರೆವ್ವಾ! ಹದಿನೈದು ವರ್ಷ ಕುಡದೇನಲೋ ಅದನ್ನ!”

ನಕ್ಕು ನಕ್ಕು ನೆತ್ತಿಗೇರಿತು. ಕೆಮ್ಮುತ್ತ, ಗೋಡೆ ಹಿಡಿದು ಕುಳಿತವಳು ಅವನತ್ತ ಕೈ ಚಾಚಿದಳು:

“ಒಂದು ತಂಬಗಿ ನೀರು ಕೊಡೋ ತಮ್ಮಾ.”