ಲೋಕದ ಅತಿ ತಣ್ಣನೆಯ ಕೋಣೆ

"ಭೂಮಿ ಮೇಲೆ ಇಷ್ಟು ತಣ್ಣನೆ ಕೋಣೆ ಇನ್ನೊಂದಿಲ್ಲ. ಬಾಗಿಲು ತೆಗೆದ್ರೆ ಸಾಕು, ಬೀದಿಗೆ ಬೀದಿಯೇ ಕಲ್ಲಾಗುತ್ತೆ!"

ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ತಮ್ಮ ಎದೆಯುಬ್ಬಿಸಿದ. ಎಲ್ಲರೂ ಅವನನ್ನು ಬಡಾಯಿ ಎಂದೇ ಕರೆಯುತ್ತಿದ್ದರು. ಅಕ್ಕನ ಮೀನಿನ ಕೋಲ್ಡ್ ಸ್ಟೋರೇಜಿನ ಬಾಗಿಲ ಮೇಲೆ ಅವನೇ ಕೂರಿಸಿದ ಬೋರ್ಡಿನಲ್ಲಿ ಕೆಂಪು ಅಂಕಿ ಹೊಳೆಯುತ್ತಿತ್ತು: ಮೈನಸ್ 238 ಡಿಗ್ರಿ.

ಅಕ್ಕ ಕರವಸ್ತ್ರದಲ್ಲಿ ಮೂಗು ಮುಚ್ಚಿದ್ದಳು. ಸತ್ತ ಇಲಿ, ಕೊಳೆತ ಮೊಟ್ಟೆ, ತೊಳೆಯದ ಕಾಲುಚೀಲ ಒಟ್ಟಿಗೆ ಸಂಸಾರ ಹೂಡಿದಂಥ ನಾತ. ಕಾಗೆಗಳೂ ದಾರಿ ಬದಲಿಸುತ್ತಿದ್ದವು. ಹೋಟೆಲಿನವರ ಲಾರಿ ಇನ್ನೇನು ಬರುವುದಿತ್ತು. ಸರಕು ಕೆಟ್ಟಿದ್ದರೆ ಅಕ್ಕನ ಅಂಗಡಿಗೆ ಬೀಗವೇ ಗತಿ.

"ಏನೋ ಇದು ನಾತ?"

"ಮೋರಿ ಇರ್ಬೇಕು, ಅಕ್ಕ. ಇಲ್ಲಾಂದ್ರೆ ಭಾವನ ಬೂಟು."

"ನನ್ನ ಬೂಟಿಗೆ ಇಷ್ಟು ತಾಕತ್ತಿಲ್ಲಪ್ಪ," ಭಾವ ಸಿಡುಕಿದ. "ಮೆಷಿನ್ ಸದ್ದೇ ಇಲ್ವಲ್ಲೋ?"

"ಅದು ನನ್ನ ಬೋರ್ಡಿನ ಅಂಕಿ ನೋಡ್ಕೊಂಡು ಓಡೋದು. ತಂಪು ಸಾಕಾದ್ರೆ ತಾನೇ ನಿಲ್ಲುತ್ತೆ. ಊಟಕ್ಕೆ ಕೂತ ನಿಮ್ಮ ಥರ ಅಲ್ಲ."

ಹೋದ ವಾರ ಇದೇ ಬೋರ್ಡು ಮೈನಸ್ ಹದಿನೆಂಟರ ಚಳಿಗೆ ಬರೀ 238 ಎಂದು ತೋರಿಸಿ ಎಲ್ಲರ ಜೀವ ಬಾಯಿಗೆ ತಂದಿತ್ತು. ಆಗ ಬಡಾಯಿ ಮೇಷ್ಟ್ರಾಗಿದ್ದ.

"ಕಂಪ್ಯೂಟರಿಗೆ ಮೈನಸ್ ಗೀಟು ಗೊತ್ತಿಲ್ಲ, ಅಕ್ಕ. ಅದಕ್ಕಿರೋದು ಎಂಟು ಮನೆ, ಒಂದೊಂದರೊಳಗೂ ಸೊನ್ನೆ ಇಲ್ಲಾ ಒಂದು. ಎಡತುದಿ ಮನೇಲಿ ಒಂದು ಕೂತಿದ್ರೆ ಸಂಖ್ಯೆ ಮೈನಸ್. ಆಗ ಸೊನ್ನೆನೆಲ್ಲ ಒಂದು ಮಾಡು, ಒಂದನ್ನೆಲ್ಲ ಸೊನ್ನೆ ಮಾಡು, ಮೇಲೊಂದು ಕೂಡಿಸು. 238 ಹೋಗಿ ಹದಿನೆಂಟು ಸಿಗುತ್ತೆ. ಅದರ ಮುಂದೆ ಮೈನಸ್ ಹಾಕೋದು ನಮ್ಮ ಕೆಲಸ."

ಬೋರ್ಡಿಗೂ ಈ ವಿದ್ಯೆ ಕಲಿಸಿ ಮೀಸೆ ತಿರುವಿದ್ದ. ಅಂಕಿ ಸರಿಹೋಗಿತ್ತು.

"ಮೊನ್ನೆ ಸರಕು ತುಂಬೋವಾಗ ಬಾಗಿಲು ತುಂಬಾ ಹೊತ್ತು ತೆಗೆದೇ ಇತ್ತು," ಅಕ್ಕ ಮೆಲ್ಲಗೆ ಅಂದಳು. "ಅದಕ್ಕೇನಾದ್ರೂ..."

"ಮೈನಸ್ ಇನ್ನೂರ ಮೂವತ್ತೆಂಟು ಕಣ್ಣಿಗೆ ಕಾಣ್ತಿಲ್ವಾ? ಚಂದ್ರನ ಮೇಲೂ ಇಂಥ ಚಳಿ ಸಿಗಲ್ಲ!"

ಭಾವನ ತಾಳ್ಮೆ ಮುಗಿಯಿತು. ಬಾಗಿಲನ್ನು ಎಳೆದೇಬಿಟ್ಟ.

ಬೂದುಬಣ್ಣದ ಲೋಳೆನೀರು ಹೊಸ್ತಿಲು ದಾಟಿ ಬಡಾಯಿಯ ಚಪ್ಪಲಿಯೊಳಗೆ ಜಿಗುಟಾಗಿ ನುಗ್ಗಿತು. ಒಳಗೆ ಹೊಟ್ಟೆ ಒಡೆದ ಮೀನುಗಳು ಒಂದರ ಮೇಲೊಂದು ಕರಗಿ ಕೂತಿದ್ದವು. ನೊಣಗಳು ಮುಖಕ್ಕೇ ರಾಚಿದವು. ಅಕ್ಕ ಗೋಡೆ ಹಿಡಿದು ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು ತಮ್ಮನತ್ತ ತಿರುಗಿದಳು.

"ಈಗಲಾದ್ರೂ ನಿಜ ಬೊಗಳು."

"ಸೊನ್ನೆ-ಒಂದು ತಿರುಗಿಸೋ ಮೊದಲು ಎಡತುದಿ ಮನೇಲಿ ಒಂದಿದೆಯಾ ನೋಡು ಅಂತ ಬೋರ್ಡಿಗೆ ಹೇಳೋದನ್ನೇ ಮರೆತೆ, ಅಕ್ಕ. ಕೋಣೆ ಸೊನ್ನೆ ದಾಟಿ ಬೆಚ್ಚಗಾದ್ರೂ ಅದು ತಿರುಗಿಸಿ 238 ಮಾಡಿ ಮೈನಸ್ ಹಾಕ್ತು, ಮೆಷಿನ್ ಅದನ್ನ ನಂಬಿ ಮಲಗ್ತು. ಒಳಗಿರೋದು ಬರೀ ಹದಿನೆಂಟು, ಮೈನಸ್ ಇಲ್ಲದ ಹದಿನೆಂಟು."