ಹೊಸ್ತಿಲು ದಾಟದ ಮಾಸ್ತರ

"ಬಂದಾ ನೋಡು! ಕಣಜದಾಗ ಕೂಡು. ಕೆಮ್ಮಬ್ಯಾಡ, ಉಸುರಬ್ಯಾಡ."

ಫಕೀರವ್ವ ಸೊಸೆಯ ತಲೆಯ ಮೇಲೆ ಗೋಣಿತಟ್ಟು ಹೊದಿಸಿ ಪಡಸಾಲೆಗೆ ಓಡಿದಳು.

ಶಿವವ್ವ ಮೊಣಕಾಲಿಗೆ ಗದ್ದ ಹಚ್ಚಿ ಕತ್ತಲಲ್ಲಿ ಕೂತಳು. ತಳದಲ್ಲಿ ಉಳಿದ ಜೋಳ ಅಂಗಾಲಿಗೆ ಒತ್ತುತ್ತಿತ್ತು. ಬೆಳಿಗ್ಗೆ ಅತ್ತೆಯೇ ಬಿಗಿದು ಉಡಿಸಿದ ಸೀರೆ ಆಗಲೇ ಸಡಿಲಾಗಿತ್ತು. ದಾರ ಸುತ್ತಿದ ಬಳೆಗಳನ್ನು ಸಪ್ಪಳವಾಗದಂತೆ ಎದೆಗೆ ಒತ್ತಿಕೊಂಡಳು. ಹೆದರಿದಾಗೆಲ್ಲ ಅವಳ ನಾಲಿಗೆ ತಾನಾಗಿ ಮುಂದಿನ ಹಲ್ಲಿಗೆ ಹೋಗುತ್ತಿತ್ತು. ಎರಡು ದಿನದಿಂದ ಅದು ನೋಯುತ್ತಿತ್ತು.

ತಪ್ಪು ತನ್ನದೇ. ಹಳ್ಳದ ದಾರಿಯಲ್ಲಿ ಕೊಡವನ್ನು ಬಂಡೆಯ ಮೇಲಿಟ್ಟು ದಣಿವಾರಿಸಿಕೊಳ್ಳುತ್ತ ನಿಲ್ಲಬಾರದಿತ್ತು.

ಅಲ್ಲಿ ಎದುರಾದವನು ದುರ್ಗಪ್ಪ. ಕೆಳಗಿನ ಓಣಿಯವನು. ಒಂದು ಕಾಲಕ್ಕೆ ಊರ ಸಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತೇ ಅಕ್ಷರ ಕಲಿತವನು. ಸ್ವಾತಂತ್ರ್ಯ ಬಂದ ಮೂರನೆಯ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಅದೇ ಸಾಲೆಗೆ ಸಹಾಯಕನಾಗಿ ಒಳಬಂದಿದ್ದ. ಗಂಟೆ ಬಾರಿಸುವುದು, ಬಿಗರಿ ವರ್ಗದ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವುದು, ತಪ್ಪಿಸಿಕೊಂಡವರನ್ನು ಹಿಡಿದು ತರುವುದು ಅವನ ಕೆಲಸ. ವಯಸ್ಸು ಹತ್ತೊಂಬತ್ತು. ಊರಿನ ಹೆಂಗಸರು ಎದುರಾದರೆ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದವನು ಅಂದು ಬಿಡಲಿಲ್ಲ. ಶಿವವ್ವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಕೊರಳ ತಾಳಿಯ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಂತಿತು.

"ನಿನ್ನ ಹೆಸರೇನು? ಯಾರ ಮನಿಯಾಕಿ?"

ಕೊಡದ ಹಿಂದೆ ಸರಿದಳು. ಆದರೂ ಹೇಳಿಬಿಟ್ಟಳು. ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಏನೋ ಗೀಚಿಕೊಂಡ.

ಮನೆಗೆ ಬಂದು ಹೇಳಿದಾಗ ಅತ್ತೆ ಹೌಹಾರಿದಳು.

"ತಾಳಿ ಕಟ್ಟಿಕೊಂಡಾಕಿಗೆ ನೀನು-ಗೀನು ಅಂದನಾ? ಹೆಸರು ಯಾಕ ಹೇಳಿದಿ? ಅಂವನ ಕೈಯಾಗ ಸಿಕ್ಕಿ ಅಂದ್ರ ನಿನ್ನ ತಾಳಿ ಉಳಿಯೂದಿಲ್ಲ. ನನ್ನ ಮಗಾ ಜೇಲಿನ್ಯಾಗ ಕೂಡತಾನ."

ಅಂದಿನಿಂದ ಶಿವವ್ವನಿಗೆ ನಿದ್ದೆಯಿಲ್ಲ. ಗಂಡ ಸೋಮಪ್ಪನ ಜೊತೆ ಅವಳು ನಾಲ್ಕು ಮಾತು ಆಡಿದವಳಲ್ಲ. ಅವನು ಕೊಣ್ಣೂರಿನ ಕಬ್ಬಿನ ಗಾಣದಲ್ಲೇ ಇರುತ್ತಿದ್ದ. ಆದರೆ ತಾಳಿ ಇತ್ತು. ತಾಯಿ ಸತ್ತ ವರ್ಷವೇ ಸೋದರತ್ತೆಯ ಮನೆ ಸೇರಿದವಳಿಗೆ, ಈ ಮನೆಯ ರೊಟ್ಟಿ ತನ್ನದು ಎಂದು ಹೇಳಲು ಇದ್ದುದು ಅದೊಂದೇ. ಅದು ಹೋದರೆ ಎಲ್ಲಿಗೆ? ಮೂಡಲಗಿಯ ತವರಿನಲ್ಲಿ ಈಗ ಮಲತಾಯಿ ಇದ್ದಳು.

ಬಾಗಿಲಾಚೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು.

"ಫಕೀರವ್ವಾರ, ಅದೀರೇನ್ರಿ?"

"ಏನೋ ದುರ್ಗ್ಯಾ? ಶಿದ್ರಾಮ ಸಾಲಿಗಿ ಹೋಗ್ಯಾನಲ್ಲ?"

ಶಿದ್ರಾಮ ಶಿವವ್ವನ ಮೈದುನ. ಸಾಲೆಯಲ್ಲಿ ದೊಡ್ಡ ಹುಡುಗರ ಸಾಲಿನಲ್ಲಿ ಕೂರುವವನು.

"ಶಿದ್ರಾಮ ಇಲ್ಲೇ ನನ್ನ ಬಾಜೂಕ ನಿಂತಾನ್ರಿ. ನಾ ಶಿವವ್ವನ ಸಲುವಾಗಿ ಬಂದೇನಿ."

ಕಣಜದೊಳಗೆ ಶಿವವ್ವ ಕಣ್ಣು ಮುಚ್ಚಿಕೊಂಡಳು.

"ಹಾಡಾಹಗಲ ಬಂದು ಕೇಳಾಕ ನಾಚಿಕಿ ಇಲ್ಲೇನೋ? ಆಕಿ ಗಂಡ ಊರಾಗಿಲ್ಲಂತ ನೋಡಿಕೊಂಡ ಬಂದಿ?"

"ಗಂಡ ಇದ್ರೂ ಬರತಿದ್ನಿರಿ."

ಎದುರು ಕಟ್ಟೆಯ ಮೇಲೆ ಕೂತಿದ್ದ ಅಲ್ಲಪ್ಪ ಖೊಳ್ಳೆಂದು ನಕ್ಕ. "ಭಾಳ ಧೈರ್ಯದ ಮಾಸ್ತರ ಆದ್ಯಲ್ಲೋ! ಹ್ವಾದ ವಾರ ನನ್ನ ಮಗನ್ನ ಕೈಕಾಲು ಹಿಡಿಸಿ ಹೊತ್ತುಕೊಂಡ ಹೋದಿ. ಇವತ್ತ ಮಂದಿ ಸೊಸೀನs ಬೇಕಾತೇನು?"

"ಬಿಟ್ಟ ಹೋಗಾಂವ ಅಲ್ಲ ಕಾಕಾ."

"ಬಾ ಹಂಗಾರ," ಫಕೀರವ್ವ ದನಿ ಏರಿಸಿದಳು. "ಹೊಸ್ತಲಾ ದಾಟು ನೋಡೂಣು!"

ಕೆಳಗಿನ ಓಣಿಯವರು ಆ ಹೊಸ್ತಿಲನ್ನು ಎಂದೂ ದಾಟಿರಲಿಲ್ಲ. ಶಿವವ್ವ ಮೆಲ್ಲಗೆ ಉಸಿರು ಬಿಟ್ಟಳು. ಉಳಿದೆ.

"ನಾ ದಾಟೂದಿಲ್ರಿ," ಎಂದ ದುರ್ಗಪ್ಪ. "ಇವರು ನಿಮ್ಮ ಓಣಿಯವರs. ಇವರನ್ನ ಹೆಂಗ ತಡೀತೀರಿ?"

ಶಿದ್ರಾಮ ಮತ್ತು ಅವನ ಸಾಲಿನ ಮೂವರು ಹುಡುಗರ ಎಂಟು ಪಾದಗಳು ದಡದಡ ಒಳನುಗ್ಗಿದವು. ಅಡುಗೆಮನೆ, ಹಿತ್ತಿಲು, ದೇವರ ಕೋಣೆ. ಗೋಣಿತಟ್ಟು ಸರಿಯಿತು. ಬೆಳಕಿನಲ್ಲಿ ಶಿದ್ರಾಮನ ಮುಖ ಇಣುಕಿತು.

"ಇಲ್ಲಿ ಅದಾಳ್ರಿ, ಸರ!"

ಅವಳು ಕಿರುಚಿದಳು, ಕಚ್ಚಿದಳು, ಕಣಜದ ಅಂಚನ್ನು ಅಪ್ಪಿ ಹಿಡಿದಳು. ನಾಲ್ವರು ಕೈಗೊಬ್ಬ ಕಾಲಿಗೊಬ್ಬ ಹಿಡಿದು ಎತ್ತಿದರು. ಹಿಂದೆ ಅತ್ತೆ ಎದೆ ಬಡಿದುಕೊಳ್ಳುತ್ತಿದ್ದಳು. "ತಾಳಿ ಕಟ್ಟಿಕೊಂಡಾಕಿನ್ನ ಹೊತ್ತ ಒಯ್ಯಾಕತ್ತಾರs, ನೋಡ್ರ್ಯೋ!" ಓಣಿಯೆಲ್ಲ ನೋಡಿತು. ಯಾರೂ ಬಿಡಿಸಲಿಲ್ಲ. ದಾರಿಯುದ್ದಕ್ಕೂ ಶಿವವ್ವ ಮಾಡಿದ್ದೊಂದೇ: ತಾಳಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಳು.

ಬಿಗರಿ ವರ್ಗ ಕೂರುವ ಸಾಲೆಯ ಪಡಸಾಲೆಯಲ್ಲಿ ಇಳಿಸಿದಾಗ ಹಿರಿಯ ಮಾಸ್ತರ ಶಿದ್ಲಿಂಗಪ್ಪನವರು ಎದ್ದು ನಿಂತರು.

"ದುರ್ಗಪ್ಪ, ತಲಿ ನೆಟ್ಟಗೈತೇನು? ಲಗ್ನಾ ಆದಾಕಿನ್ನ ತಂದೀಯಲ್ಲ! ನಾಳೆ ಊರ ಮಂದಿ ನಿನ್ನ ಸುಮ್ಮನ ಬಿಟ್ಟಾರೇನು?"

ದುರ್ಗಪ್ಪ ಹಾಜರಿ ಪಟ್ಟಿಯನ್ನು ಎದೆಗೆ ಅವಚಿಕೊಂಡ. ಶಿವವ್ವ ಅದನ್ನು ಕಂಡಳು. ತನ್ನಷ್ಟೇ ಅವನೂ ಹೆದರಿದ್ದ.

"ಹಾಜರಿ ಪಟ್ಟಿಯೊಳಗ ಲಗ್ನದ ಖಾನೆ ಇಲ್ರಿ, ಮಾಸ್ತರ್ರ. ಹೆಸರು, ವಯಸ್ಸು, ಅಷ್ಟ."

ಅವನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ತಾಳಿಯನ್ನು ಮುಟ್ಟಲಿಲ್ಲ. ತನ್ನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಹಿಡಿದು ತೋರಿಸಿದ.

"ಅಳಬ್ಯಾಡ. ಹಿಂಗ ಹಿಡಿ, ನೋಡೂಣು."

ಶಿವವ್ವ ಕೈ ಎತ್ತಿದಳು. ದಾರ ಸುತ್ತಿದ್ದರೂ ನಿಲ್ಲದೆ ಬಳೆಗಳು ಕಂಕುಳವರೆಗೆ ಜಾರಿದವು, ಬೆರಳ ತುದಿ ಕಿವಿಯನ್ನು ಮುಟ್ಟಿತೋ ಇಲ್ಲವೋ ಎಂಬಂತೆ ಮುಟ್ಟಿತು, ಮತ್ತು ಬಾಯಿಯಿಂದ ತಾಳಿಯ ಜೊತೆಗೆ ಜಾರಿದ ಹಾಲುಹಲ್ಲು ಬಿಗರಿ ವರ್ಗದ ನೆಲದ ಮೇಲೆ ಬಿತ್ತು.